ಹೆಪಟೈಟಿಸ್ ಸಿ: ಮಾತ್ರೆ ನುಂಗುವ ಮೂರು ತಿಂಗಳು ಕೆಲಸ ಬಿಡಬೇಕೇ?

ರಕ್ತ ಪರೀಕ್ಷೆಯ ಚೀಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬರುವವರು ನನ್ನ ಮುಂದೆ ಕುಳಿತು ಮೊದಲು ಕೇಳುವುದು ರೋಗದ ಬಗ್ಗೆ ಅಲ್ಲ. "ಸಾಹೇಬ್ರ, ಕೆಲ್ಸಕ್ಕ ಹೋಗ್ಬಹುದೇನ್ರಿ, ಮಲ್ಕೋಬೇಕೇನ್ರಿ?" ಶಹಾಪುರ, ಸುರಪುರದ ಕಡೆ ದಿನಗೂಲಿಯ ಮೇಲೆ ನಡೆಯುವ ಮನೆಗಳು ಬಹಳ. ಹತ್ತಿ ಬಿಡಿಸುವುದು, ಗ್ಯಾರೇಜು, ಗಾರೆ ಕೆಲಸ, ಇಲ್ಲವಾದರೆ ಬೆಂಗಳೂರಿಗೆ ಗುಳೆ. ಅಂಥ ಮನೆಯ ಯಜಮಾನ ಮೂರು ತಿಂಗಳು ಮಲಗಿದರೆ ಒಲೆ ಹೊತ್ತುವುದು ಕಷ್ಟ.

ಹೆಚ್ಚಿನವರು ಕೆಲಸಕ್ಕೆ ಹೋಗಬಹುದು. ಈ ಭಯ ಹಳೆಯ ಚಿಕಿತ್ಸೆಯ ಕಾಲದ್ದು. ಆಗ ಇಂಟರ್‌ಫೆರಾನ್ ಚುಚ್ಚುಮದ್ದನ್ನು ಆರು ತಿಂಗಳು, ಕೆಲವರಿಗೆ ಒಂದು ವರ್ಷ ಕೊಡುತ್ತಿದ್ದರು. ಜ್ವರ, ಮೈಕೈ ನೋವು, ಮನಸ್ಸಿನ ಖಿನ್ನತೆಯಿಂದ ಜನ ನಿಜಕ್ಕೂ ಹಾಸಿಗೆ ಹಿಡಿಯುತ್ತಿದ್ದರು. ಈಗ ಸೊಫೊಸ್ಬುವಿರ್ ಜೊತೆಗೆ ಡಕ್ಲಾಟಾಸ್ವಿರ್ ಅಥವಾ ವೆಲ್ಪಟಾಸ್ವಿರ್ ಮಾತ್ರೆ ದಿನಕ್ಕೊಮ್ಮೆ, ಸಾಮಾನ್ಯವಾಗಿ 12 ವಾರ, ಅಂದರೆ 84 ದಿನ. ನೂರರಲ್ಲಿ ಸುಮಾರು 95 ಮಂದಿಗೆ ವೈರಸ್ ಪೂರ್ತಿ ಹೋಗುತ್ತದೆ. ಯಕೃತ್ತು ತೀರ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಮಾತ್ರ ಚಿಕಿತ್ಸೆ ಬೇರೆ, ವಿಶ್ರಾಂತಿಯ ಲೆಕ್ಕವೂ ಬೇರೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಯಾದಗಿರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಈ ಹೆಸರು ಹೇಳಿಯೇ ವಿಚಾರಿಸಿ.

ಯುನಾನಿ ವೈದ್ಯನಾದ ನಾನು ಇದನ್ನು ಬರೆಯುತ್ತಿರುವುದು ಕೆಲವರಿಗೆ ವಿಚಿತ್ರ ಅನ್ನಿಸಬಹುದು. ಜಿಗರಿಗೆ ಅರ್ಕ್-ಎ-ಕಾಸ್ನಿ, ಶರಬತ್-ಎ-ದೀನಾರ್, ಮಅಜೂನ್ ದಬೀದುಲ್ ವರ್ದ್ ನಮ್ಮಲ್ಲಿ ಹಿಂದಿನಿಂದಲೂ ಇವೆ. ಆದರೆ ಈ ವೈರಸ್ಸನ್ನು ರಕ್ತದಿಂದ ಅಳಿಸುವ ಔಷಧಿ ನನ್ನ ಕಪಾಟಿನಲ್ಲಿಲ್ಲ. ಮಾತ್ರೆ ನಡೆಯುವಾಗ ಬೇರೇನನ್ನೂ ಬೆರೆಸಬೇಡಿ, ನನ್ನದನ್ನೂ ಸಹ. ಲೋಹದ ಕುಶ್ತಾಗಳಂತೂ ಬೇಡವೇ ಬೇಡ. ಕಾಮಣಿ ಎಂದು ಮೂಗಿಗೆ ಹನಿ ಹಾಕಿಸುವುದು, ಕೈಗೆ ಬರೆ ಹಾಕಿಸುವುದು ಇನ್ನೂ ನಿಂತಿಲ್ಲ. ಅದರಿಂದ ಈ ರೋಗಕ್ಕೆ ಏನೂ ಆಗದು, ಗಾಯವೊಂದು ಉಳಿಯುತ್ತದೆ. ಟಿಬಿಯ ರಿಫಾಂಪಿಸಿನ್, ಮೂರ್ಛೆ ರೋಗದ ಮಾತ್ರೆ, ಹೃದಯದ ಅಮಿಯೋಡರೋನ್, ಅಸಿಡಿಟಿಯ ಮಾತ್ರೆ ತೆಗೆದುಕೊಳ್ಳುವವರು ಅವುಗಳ ಖಾಲಿ ಪಟ್ಟಿಯನ್ನು ಆಸ್ಪತ್ರೆಗೆ ಒಯ್ದು ತೋರಿಸಲೇಬೇಕು. ಗರ್ಭಿಣಿಯರೂ ಮೊದಲೇ ಹೇಳಬೇಕು.

ಕೆಲವರಿಗೆ ತಲೆನೋವು, ಆಯಾಸ, ವಾಕರಿಕೆ ಆಗುತ್ತದೆ. ಭಾರದ ಕೆಲಸವನ್ನು ಬಿಸಿಲೇರುವ ಮೊದಲೇ ಮುಗಿಸಿ. ನಮ್ಮ ಬೇಸಿಗೆಯಲ್ಲಿ ಅರ್ಧ ಸುಸ್ತು ನೀರು ಕುಡಿಯದ್ದರಿಂದಲೇ ಬರುತ್ತದೆ. ರೊಟ್ಟಿ, ಬೇಳೆ, ಸೊಪ್ಪು, ಮೊಟ್ಟೆ, ಮಿತವಾಗಿ ಮಾಂಸ ಎಲ್ಲವೂ ಆಗುತ್ತದೆ. ತಿಂಗಳುಗಟ್ಟಲೆ ಬರೀ ಗಂಜಿ ಕುಡಿಸಿ ಸೊರಗಿಸಬೇಡಿ. ಮಾತ್ರೆಯನ್ನು ದಿನವೂ ಒಂದೇ ಹೊತ್ತಿಗೆ ನುಂಗಿ. ಇಶಾ ನಮಾಝ್ ಮುಗಿಸಿ ಬಂದು ಎಂದು ಗೊತ್ತು ಮಾಡಿಕೊಂಡವರಿಗೆ ಮರೆವು ಕಡಿಮೆ. ಮರೆತದ್ದು ಅದೇ ದಿನ ನೆನಪಾದರೆ ನುಂಗಿ, ಮರುದಿನ ನೆನಪಾದರೆ ಎರಡನ್ನು ಒಟ್ಟಿಗೆ ನುಂಗಬೇಡಿ.

ನಾನು ಕಂಡ ತೊಂದರೆಗಳಲ್ಲಿ ದೊಡ್ಡದು ನಡುವೆ ಬಿಡುವುದು. ಒಬ್ಬ ಯುವಕ ಒಂದು ತಿಂಗಳ ಮಾತ್ರೆ ಮುಗಿಸಿ ಗುಳೆ ಹೋದ. ಮೈ ಹಗುರಾಗಿತ್ತು, ಗುಣವಾಯಿತೆಂದು ತಿಳಿದು ಉಳಿದದ್ದನ್ನು ಬಿಟ್ಟ. ಊರಿಗೆ ಬಂದು ಪರೀಕ್ಷಿಸಿದಾಗ ವೈರಸ್ ಹಾಗೆಯೇ ಇತ್ತು. ಚಿಕಿತ್ಸೆಯನ್ನು ಮತ್ತೆ ಮೊದಲಿನಿಂದ ಹಿಡಿಯಬೇಕಾಯಿತು. ಗುಳೆ ಹೋಗುವವರು ಹೊರಡುವ ಮೊದಲೇ ಆಸ್ಪತ್ರೆಯಲ್ಲಿ ಹೇಳಿ, ಮುಂದಿನ ಮಾತ್ರೆ ಎಲ್ಲಿ ಸಿಗುತ್ತದೆಂದು ಕೇಳಿಕೊಂಡು, ಕಾಗದಪತ್ರ ಜೊತೆಗಿಟ್ಟುಕೊಂಡು ಹೋಗಲಿ.

ರಮಝಾನ್ ನಡುವೆ ಬಂದರೆ? ದಿನಕ್ಕೊಂದೇ ಮಾತ್ರೆಯಾದ್ದರಿಂದ ಇಫ್ತಾರ್ ನಂತರ ನುಂಗಬಹುದು. ಉಪವಾಸ ಹಿಡಿಯಬಹುದೇ ಎಂಬುದನ್ನು ಮಾತ್ರ ವೈದ್ಯರು ಹೇಳಲಿ. ಸಕ್ಕರೆ ಕಾಯಿಲೆಯವರು ವಿಶೇಷವಾಗಿ ಕೇಳಬೇಕು, ಏಕೆಂದರೆ ವೈರಸ್ ಇಳಿದಂತೆ ಸಕ್ಕರೆಯೂ ಇಳಿಯುವುದುಂಟು. ಹಳೆಯ ಪ್ರಮಾಣದ ಇನ್ಸುಲಿನ್ ಹೆಚ್ಚಾಗಿ ತಲೆ ತಿರುಗಬಹುದು. ರೋಗಿಗೆ ರಿಯಾಯಿತಿಯನ್ನು ಅಲ್ಲಾಹನೇ ಸೂರಃ ಅಲ್-ಬಕರಾದಲ್ಲಿ ಕೊಟ್ಟಿರುವಾಗ, ಅದನ್ನು ಬಳಸಿಕೊಳ್ಳಲು ನಾಚಿಕೆ ಏಕೆ?

ಮನೆಯವರಿಗೂ ಒಂದು ಮಾತು. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಮುಸಾಫಹ ಮಾಡುವುದರಿಂದ, ಈದ್ ದಿನ ತಬ್ಬಿಕೊಳ್ಳುವುದರಿಂದ, ಮಸೀದಿಯಲ್ಲಿ ಪಕ್ಕಕ್ಕೆ ನಿಲ್ಲುವುದರಿಂದ ಇದು ಅಂಟುವುದಿಲ್ಲ. ಸೊಸೆಗೆ ಈ ರೋಗವೆಂದು ತಿಳಿದು ಅವಳ ಲೋಟವನ್ನು ಬೇರೆ ಇಟ್ಟ ಮನೆಯನ್ನು ನೋಡಿದ್ದೇನೆ. ಲೋಟದಿಂದ ಅಪಾಯವಿರಲಿಲ್ಲ. ಅದೇ ಮನೆಯಲ್ಲಿ ಸಕ್ಕರೆ ಪರೀಕ್ಷಿಸುವ ಸೂಜಿಯನ್ನು ಮೂವರು ಬಳಸುತ್ತಿದ್ದರು! ರೋಗ ಹರಡುವುದು ರಕ್ತದಿಂದ. ಬ್ಲೇಡು, ಉಗುರು ಕತ್ತರಿ, ಬ್ರಷ್ಷು, ಮಿಸ್ವಾಕ್ ಪ್ರತಿಯೊಬ್ಬರಿಗೂ ಬೇರೆ ಇರಲಿ. ಕೆಲಸದಲ್ಲಿ ಕೈ ಕೊಯ್ದರೆ ಪಟ್ಟಿ ಕಟ್ಟಿ, ಬಿದ್ದ ರಕ್ತವನ್ನು ಬ್ಲೀಚಿಂಗ್ ಪೌಡರ್ ಕದಡಿದ ನೀರಿನಿಂದ ಒರೆಸಿ. ಕ್ಷೌರಕ್ಕೆ ಹೊಸ ಬ್ಲೇಡು ಕೇಳಿ. ಖತ್ನಾ, ಕಿವಿ ಚುಚ್ಚಿಸುವುದು, ಹಿಜಾಮಾ ಯಾವುದೇ ಇರಲಿ, ಉಪಕರಣದ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಲಿ. ಹಿಜಾಮಾ ಮಾಡುವ ನಮ್ಮಂಥವರನ್ನೂ ಸಂಕೋಚವಿಲ್ಲದೆ ಕೇಳಿ. ಸುನ್ನತ್ ಎಂಬ ಹೆಸರಿನಲ್ಲಿ ಹಳೆಯ ಕಪ್ಪು, ಹಳೆಯ ಬ್ಲೇಡು ಬಳಸಲು ಯಾರಿಗೂ ಅನುಮತಿಯಿಲ್ಲ.

ಮಾತ್ರೆ ಮುಗಿದ ದಿನವೇ ಗುಣವಾಯಿತೆಂದು ಹೇಳಲಾಗದು. ಮುಗಿದ 12 ವಾರಗಳ ನಂತರ ರಕ್ತದಲ್ಲಿ ವೈರಸ್ ಇದೆಯೇ ಎಂದು ಆರ್‌ಎನ್‌ಎ ಪರೀಕ್ಷೆ ಮಾಡುತ್ತಾರೆ. ಇಲ್ಲವೆಂದು ಬಂದರೆ ಗುಣವಾದಂತೆ. ಆದರೆ ಆಂಟಿಬಾಡಿ ಪರೀಕ್ಷೆ ಗುಣವಾದ ಮೇಲೂ ಸಾಮಾನ್ಯವಾಗಿ ಪಾಸಿಟಿವ್ ಎಂದೇ ತೋರಿಸುತ್ತದೆ. ಗಲ್ಫ್‌ಗೆ ಹೋಗುವವರ ವೈದ್ಯಕೀಯ ತಪಾಸಣೆಯಲ್ಲಿ ಹೆಪಟೈಟಿಸ್ ಸಿಯನ್ನೂ ನೋಡುತ್ತಾರೆ. ಆದ್ದರಿಂದ ಆರ್‌ಎನ್‌ಎ ವರದಿಯನ್ನು ಪಾಸ್‌ಪೋರ್ಟ್ ಜೊತೆಗೇ ಇಡಿ, ಮತ್ತು ಏಜೆಂಟನಿಗೆ ಹಣ ಕೊಡುವ ಮೊದಲೇ ಈ ವಿಷಯ ಹೇಳಿ ಕೇಳಿಕೊಳ್ಳಿ. ಒಡವೆ ಅಡವಿಟ್ಟ ಮೇಲೆ ಕೇಳಿದರೆ ತಡವಾಗಿರುತ್ತದೆ.