ಅರ್ಥಕ್ಕೆ ಮೊದಲು ಮರಳು

ನೋಡು ಪುಟ್ಟಿ, ಫ್ರೆಂಚ್ ಚಿತ್ರಕಾರ ಮೋನೆಯ ‘ತ್ರೂವಿಲ್ ಕಡಲತೀರ’ ಚಿತ್ರದ ಮೇಲೆ ನೀನು ಬರೆದದ್ದನ್ನು ಓದಿದೆ. ಭಾಷೆ ಲಕ್ಷಣವಾಗಿದೆ. ಆದರೆ ಶುರುವಿನಲ್ಲೇ ‘ಕಪ್ಪು ಉಡುಪಿನ ಹೆಂಗಸು ಯುದ್ಧದ ಸಂಕೇತ’ ಅಂದುಬಿಟ್ಟಿದ್ದೀಯಲ್ಲ, ನನ್ನ ತಕರಾರು ಅಲ್ಲೇ.

ಚಿತ್ರ 1870ರ ಬೇಸಿಗೆಯದು, ನಿಜ. ಆ ಜುಲೈನಲ್ಲೇ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹತ್ತಿಕೊಂಡಿತು, ಆಮೇಲೆ ಮೋನೆ ಲಂಡನ್ ಸೇರಿದ. ಇದೆಲ್ಲ ನಿನಗೆ ಪುಸ್ತಕ ಹೇಳಿದ್ದು, ಚಿತ್ರ ಹೇಳಿದ್ದಲ್ಲ. ಆ ಹೆಂಗಸು ಮೋನೆಯ ಗೆಳೆಯ, ಚಿತ್ರಕಾರ ಬೂದ್ಯಾನ ಹೆಂಡತಿ ಇರಬಹುದು, ಬಿಳಿ ಉಡುಪಿನಾಕೆ ಮೋನೆಯ ಹೆಂಡತಿ ಕಮೀಯ್ ಅಂತ ಬಲ್ಲವರ ಊಹೆ. ಗೆಳೆಯನ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಯುದ್ಧ ಬರೆಯುವುದುಂಟೇ ಮಾರಾಯ್ತಿ!

ಮೊದಲು ಕಣ್ಣು ಕೊಟ್ಟು ನೋಡು. ಚಿತ್ರ ಹೆಚ್ಚುಕಡಿಮೆ ಎರಡು ಗೇಣು ಅಗಲ, ಅಷ್ಟೇ. ಬಿಳಿ ಉಡುಪನ್ನು ದಪ್ಪ ಬಣ್ಣದಲ್ಲಿ ಬೀಸಿ ಬೀಸಿ ಎಳೆದಿದ್ದಾನೆ. ಮುಖಗಳನ್ನು ತಿದ್ದುವ ಗೋಜಿಗೇ ಹೋಗಿಲ್ಲ. ಯಾಕೆ ಅಷ್ಟು ಆತುರ? ಬಣ್ಣದೊಳಗೆ ಮರಳಿನ ಕಾಳುಗಳು ಇವತ್ತಿಗೂ ಸಿಕ್ಕಿಕೊಂಡಿವೆ. ಅಂದರೆ ದಡದಲ್ಲೇ ಕೂತು, ಗಾಳಿಯಲ್ಲಿ ಬರೆದದ್ದು. ಬೆಳಕು ಸರಿದುಹೋಗುವುದರೊಳಗೆ ಮುಗಿಯಬೇಕಿತ್ತು. ನಿನ್ನ ಬರಹದಲ್ಲಿ ಈ ಮರಳಿಗೆ ಒಂದು ಸಾಲೂ ಇಲ್ಲ.

‘ಆರಾಮವಾಗಿ ಕೂತಿದ್ದಾರೆ’ ಅಂತ ಬೇರೆ ಬರೆದಿದ್ದೀ. ಎಂಥ ಆರಾಮು? ತಲೆಗೆ ಟೋಪಿ, ಕೈಯಲ್ಲಿ ಕೊಡೆ, ಮೈತುಂಬ ಬಟ್ಟೆ, ಮರಳಿನ ಮೇಲೂ ಕುರ್ಚಿ. ಬಿಸಿಲಿಗೆ ಮೈ ಕಪ್ಪಾಗುವುದು ದುಡಿಯುವವರ ಲಕ್ಷಣ ಅಂತ ಆ ಕಾಲದ ಉಳ್ಳವರ ಎಣಿಕೆ. 1863ರಲ್ಲಿ ರೈಲು ಬಂದ ಮೇಲೆ ಪ್ಯಾರಿಸ್ಸಿನವರು ತ್ರೂವಿಲ್‌ಗೆ ಬರುತ್ತಿದ್ದದ್ದು ಕಡಲ ಗಾಳಿಗೆ ಎಷ್ಟೋ, ನಾಲ್ಕು ಜನರ ಕಣ್ಣಿಗೆ ಬೀಳುವುದಕ್ಕೂ ಅಷ್ಟೇ. ವಿರಾಮಕ್ಕೂ ಒಂದು ಸಮವಸ್ತ್ರ ಇತ್ತು ಅನ್ನು. ಅದನ್ನು ಬರೆ, ಓದುತ್ತೇನೆ.

ಇಬ್ಬರ ನಡುವೆ ಒಂದು ಖಾಲಿ ಕುರ್ಚಿ ಇದೆ. ಅದನ್ನು ‘ಒಂಟಿತನ’ ಅನ್ನಲು ನಿನ್ನ ಕೈ ತುರಿಸುತ್ತದೆ, ಬಲ್ಲೆ. ತಡಿ. ಯಾರಾದರೂ ಆಗತಾನೇ ಎದ್ದುಹೋಗಿರಬಹುದು, ಮೋನೆಯದೇ ಇರಬಹುದು. ಗೊತ್ತಾಗದ್ದನ್ನು ಪ್ರಶ್ನೆಯಾಗಿಯೇ ಬಿಡು, ಮಾರ್ಕ್ಸ್ ಕಡಿಮೆಯಾದರೆ ಆಗಲಿ.

ಯುದ್ಧದ ಮಾತನ್ನು ಪೂರ್ತಿ ಹೊಡೆದುಹಾಕು ಅಂತ ನಾನು ಹೇಳುತ್ತಿಲ್ಲ. ಕೊನೆಯ ಪ್ಯಾರಾಕ್ಕೆ ಇಳಿಸು. ‘ಸಂಕೇತ’ ಅನ್ನುವುದನ್ನು ಮಾತ್ರ ತೆಗೆದು ತಾ.