ಸೋಲೊ ಅರ್ಧ ನಿಮಿಷ, ಉಳಿದದ್ದು ಪಕ್ಕವಾದ್ಯ

ನಾಲ್ಕೂವರೆ ನಿಮಿಷದ ರಾಕ್ ಹಾಡಿನಲ್ಲಿ ಗಿಟಾರ್ ಸೋಲೊಗೆ ಸಿಗುವುದು ಹೆಚ್ಚೆಂದರೆ ಅರ್ಧ ನಿಮಿಷ. ಉಳಿದ ನಾಲ್ಕು ನಿಮಿಷ ಗಿಟಾರಿನವನದು ನಮ್ಮ ಕಛೇರಿಗಳಲ್ಲಿ ಪಿಟೀಲಿನವರು ಮಾಡುವ ಕೆಲಸವೇ: ಹಾಡುವವರ ಬೆನ್ನಿಗಿರುವುದು. ಆದರೆ ಪೋಸ್ಟರುಗಳಲ್ಲಿ ಬರುವುದು ಆ ಅರ್ಧ ನಿಮಿಷ ಮಾತ್ರ. ಬೆನ್ನುದ್ದ ಕೂದಲು, ಮುಚ್ಚಿದ ಕಣ್ಣು, ಆಕಾಶಕ್ಕೆ ಎತ್ತಿದ ಗಿಟಾರಿನ ಕತ್ತು. ರಾಜಾಜಿನಗರದಲ್ಲಿ ಎಚ್‌ಎಂಟಿ ನೌಕರರೊಬ್ಬರ ಮಗನಾಗಿ ಬೆಳೆದ ನಾನು ಗಿಟಾರ್ ಹಿಡಿದದ್ದು ಅಂಥದೊಂದು ಪೋಸ್ಟರ್ ನೋಡಿಯೇ. ಮನೆ ನಡೆಸಿದ್ದು ಮಾತ್ರ ಉಳಿದ ನಾಲ್ಕು ನಿಮಿಷ.

ಎಂಬತ್ತರ ದಶಕದ ಕೊನೆಗೆ ಬೆಂಗಳೂರಿನ ರಾಕ್ ಎಂದರೆ ದಂಡಿನ ಕಡೆಯ ವ್ಯವಹಾರ. ಫ್ರೇಜರ್ ಟೌನ್, ಕುಕ್ ಟೌನ್, ರಿಚರ್ಡ್ಸ್ ಟೌನ್‌ಗಳ ಆಂಗ್ಲೋ ಇಂಡಿಯನ್, ಗೋವನ್ ಮನೆಗಳಲ್ಲಿ ಗಿಟಾರು, ಪಿಯಾನೊ ಇರುತ್ತಿದ್ದವು. ಚರ್ಚಿನಲ್ಲಿ ಹಾಡಿ ಹಾಡಿ ಕಿವಿ ಪಳಗಿದ ಹುಡುಗರು ಮೂರು ಕಾರ್ಡು ಕೇಳಿದರೆ ನಾಲ್ಕನೆಯದನ್ನು ತಾವೇ ಹೇಳುತ್ತಿದ್ದರು. ಎಪ್ಪತ್ತರ ದಶಕದಲ್ಲೇ ಹ್ಯೂಮನ್ ಬಾಂಡೇಜ್‌ನಂಥ ಬ್ಯಾಂಡು ಈ ಊರಲ್ಲಿ ಹೆಸರು ಮಾಡಿತ್ತು. ಪೇಟೆ ಕಡೆಯ ನಮ್ಮ ಮನೆಯಲ್ಲಿದ್ದದ್ದು ಒಂದು ರೇಡಿಯೊ, ಅಮ್ಮನ ಶ್ರುತಿಪೆಟ್ಟಿಗೆ. ಅಪ್ಪನಿಗೆ ನನ್ನ ಗಿಟಾರಿನ ಬಗ್ಗೆ ಸ್ವಲ್ಪವಾದರೂ ಗೌರವ ಹುಟ್ಟಿದ್ದು ಒಂದೇ ಸಲ. ‘ಸಂಸ್ಕಾರ’ ಸಿನಿಮಾ ತೆಗೆದ ಪಟ್ಟಾಭಿರಾಮ ರೆಡ್ಡಿ, ಅದರಲ್ಲಿ ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿ, ಇವರ ಮಗ ಕೊನಾರಕ್ ರೆಡ್ಡಿ ಗಿಟಾರ್ ವಾದಕರು ಎಂದು ನಾನು ಹೇಳಿದಾಗ ‘ಹೌದೇನೋ?’ ಎಂದು ಪೇಪರು ಕೆಳಗಿಳಿಸಿದರು. ಆಮೇಲೆ ಮತ್ತೆ ಎತ್ತಿಕೊಂಡರು.

ನನ್ನ ಮೊದಲ ಗಿಟಾರು ಕಲ್ಕತ್ತೆಯ ಗಿವ್ಸನ್. ತಂತಿಗೂ ಫ್ರೆಟ್‌ಬೋರ್ಡಿಗೂ ನಡುವೆ ಪೆನ್ಸಿಲ್ ತೂರುವಷ್ಟು ಸಂದು. ಬಾರ್ ಕಾರ್ಡು ಒತ್ತಿದರೆ ತೋರುಬೆರಳಿನ ಮೇಲೆ ಆರು ಗೆರೆ ಬೀಳುತ್ತಿತ್ತು. ಪಾಠಕ್ಕೆ ಫೀಸು ಕೊಡುವಷ್ಟು ದುಡ್ಡಿರಲಿಲ್ಲ, ಕ್ಯಾಸೆಟ್ಟೇ ಮೇಷ್ಟ್ರು. ಟೇಪ್ ರೆಕಾರ್ಡರಿನ ಮೋಟಾರು, ಬ್ಯಾಟರಿಯ ಅವಸ್ಥೆ ನೋಡಿಕೊಂಡು ಈ ಮೇಷ್ಟ್ರ ಶ್ರುತಿ ದಿನಕ್ಕೊಂದು ಥರ. ಹಾಗಾಗಿ ಮೊದಲು ಗಿಟಾರನ್ನು ಟೇಪಿಗೆ ಶ್ರುತಿ ಮಾಡಿಕೊಳ್ಳಬೇಕು, ಆಮೇಲೆ ಹಾಡು. ಸ್ನೇಹಿತನೊಬ್ಬನ ಮನೆಯಲ್ಲಿ ಹಳೆಯ ರೆಕಾರ್ಡ್ ಪ್ಲೇಯರ್ ಇತ್ತು, ಅದರಲ್ಲಿ 16ರ ವೇಗವೂ ಇತ್ತು. 33ರಲ್ಲಿ ಓಡಬೇಕಾದ ಎಲ್‌ಪಿಯನ್ನು 16ಕ್ಕೆ ಹಾಕಿದರೆ ಹಾಡು ಅರ್ಧ ವೇಗಕ್ಕೆ ಇಳಿದು, ಸ್ವರ ಸರಿಯಾಗಿ ಒಂದು ಸ್ಥಾಯಿ ಕೆಳಗೆ ಬರುತ್ತದೆ. ಕಿವಿಗೆ ಸಿಗದೆ ಓಡುತ್ತಿದ್ದ ಸೋಲೊ ಹೀಗೆ ಬಿಡಿಬಿಡಿಯಾಗಿ ಕೈಗೆ ಬರುತ್ತಿತ್ತು.

ಎಸಿ/ಡಿಸಿಯ ರೆಕಾರ್ಡನ್ನು ಹಾಗೆ ಹಾಕಿಕೊಂಡು ಕೂತಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಸೋಲೊ ಅಲ್ಲ, ಅದರ ಕೆಳಗೆ ಒಂದೇ ಸಮ ನಡೆಯುತ್ತಿದ್ದ ಇನ್ನೊಂದು ಗಿಟಾರು. ಶಾಲೆಯ ಯೂನಿಫಾರ್ಮ್ ಹಾಕಿಕೊಂಡು ವೇದಿಕೆ ತುಂಬ ಕುಣಿಯುವ ಆ್ಯಂಗಸ್ ಯಂಗ್ ಎಲ್ಲರಿಗೂ ಗೊತ್ತು. ಹಿಂದೆ ಆ್ಯಂಪುಗಳ ಪಕ್ಕ ನಿಂತು ಲಯ ಕಟ್ಟುತ್ತಿದ್ದವರು ಅವರ ಅಣ್ಣ ಮ್ಯಾಲ್ಕಮ್. 1973ರಲ್ಲಿ ಸಿಡ್ನಿಯಲ್ಲಿ ಈ ಅಣ್ಣತಮ್ಮ ಸೇರಿ ಕಟ್ಟಿದ ಬ್ಯಾಂಡು ಅದು. ಮ್ಯಾಲ್ಕಮ್ ಕೋರಸ್ ಹಾಡಲು ಮೈಕಿನವರೆಗೆ ಬರುತ್ತಿದ್ದರು, ಸಾಲು ಮುಗಿದ ಕೂಡಲೇ ಹಿಂದಕ್ಕೆ ಹೋಗುತ್ತಿದ್ದರು. 2017ರಲ್ಲಿ ಅವರು ತೀರಿಕೊಂಡ ವಾರ ನನ್ನ ಕ್ಲಾಸುಗಳಲ್ಲಿ ಸೋಲೊ ಪಾಠ ಬಿಟ್ಟು ಬರೀ ರಿದಮ್ ಹೇಳಿಕೊಟ್ಟೆ. ಹುಡುಗರು ಗೊಣಗಿದರು.

ಪಕ್ಕವಾದ್ಯವನ್ನು ನಿಜವಾಗಿ ಕಲಿತದ್ದು ಗಣೇಶನ ಮುಂದೆ. ಕಾಲೇಜ್ ಫೆಸ್ಟಿನಲ್ಲಿ ರಾಕ್ ನುಡಿಸಿದರೆ ಸರ್ಟಿಫಿಕೇಟು ಸಿಗುತ್ತಿತ್ತು. 1996ರಲ್ಲಿ ಶುರುವಾದ ಫ್ರೀಡಮ್ ಜ್ಯಾಮ್‌ನಂಥ ಕಡೆ ನುಡಿಸಿದರೆ ಖುಷಿ ಸಿಗುತ್ತಿತ್ತು. ಗಣೇಶನ ಆರ್ಕೆಸ್ಟ್ರಾದಲ್ಲಿ ನುಡಿಸಿದರೆ ಅವತ್ತು ರಾತ್ರಿಯೇ ಕೈಗೆ ಕವರು. ಭಾದ್ರಪದದ ಚೌತಿಗೆ ಶುರುವಾದರೆ ಬೆಂಗಳೂರಿನ ಗಣೇಶ ಬೀದಿಯಿಂದ ಬೀದಿಗೆ ವಾರಗಟ್ಟಲೆ ನಡೆಯುತ್ತಾನೆ, ಅವನು ನೀರು ಸೇರುವ ಹೊತ್ತಿಗೆ ರಾಜ್ಯೋತ್ಸವ ಬರುತ್ತದೆ. ಕೀಬೋರ್ಡು, ರಿದಮ್ ಪ್ಯಾಡು, ತಬಲ, ಢೋಲಕ್ಕು, ಬೇಸ್ ಗಿಟಾರು, ಕೊನೆಗೆ ಮೂಲೆಯಲ್ಲಿ ಒಂದು ಲೀಡ್ ಗಿಟಾರು. ಆ ಮೂಲೆ ನನ್ನದು. ದಂಡಿನ ಗೆಳೆಯರಿಗೆ ಈ ವಿಷಯ ಹೇಳುತ್ತಿರಲಿಲ್ಲ. ಅವರಲ್ಲಿ ಇಬ್ಬರು ತಮಿಳು ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದರು, ಅದನ್ನು ಅವರೂ ನನಗೆ ಹೇಳಿರಲಿಲ್ಲ.

ಆರ್ಕೆಸ್ಟ್ರಾ ನಡೆಸುತ್ತಿದ್ದವರನ್ನು ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಹೊಸ ಹುಡುಗ ಯಾರೇ ಬರಲಿ, ಅವರದು ಅದೇ ಮಾತು: ‘ಹಾಡೋರ ಮಾತು ಕೊನೇ ಸಾಲಲ್ಲಿ ಕೂತಿರೋ ಅಜ್ಜಿಗೂ ಕೇಳಿಸ್ಬೇಕು ಕಣಪ್ಪ. ನಿನ್ನ ಕೈಚಳಕ ಎಲ್ಲ ಆಮೇಲೆ.’ ಇದು ಸಭ್ಯತೆಯ ಮಾತಲ್ಲ, ಪಕ್ಕಾ ತಾಂತ್ರಿಕ ಮಾತು ಎಂದು ತಿಳಿಯಲು ನನಗೆ ಒಂದು ಸೀಸನ್ ಪೂರ್ತಿ ಬೇಕಾಯಿತು. ಕೆಳಗಿನ ಸ್ವರಗಳು ಬೇಸ್ ಗಿಟಾರಿನ ಪಾಲು, ನಡುವಿನವು ಗಾಯಕರ ಕಂಠದ ಪಾಲು. ಆದ್ದರಿಂದ ಆರು ತಂತಿಯನ್ನೂ ಬಡಿಯುವಂತಿಲ್ಲ. ತೆಳುವಾದ ಮೂರು ತಂತಿ ಮಾತ್ರ, ಅದೂ ಎರಡನೇ ಮತ್ತು ನಾಲ್ಕನೇ ಎಣಿಕೆಗೆ. ಹೊಡೆದ ಮರುಗಳಿಗೆಯೇ ಎಡಗೈ ಬೆರಳುಗಳ ಒತ್ತನ್ನು ಸಡಿಲಿಸಬೇಕು, ಆದರೆ ಬೆರಳು ತಂತಿ ಬಿಟ್ಟು ಮೇಲೇಳಬಾರದು. ಆಗ ಕಾರ್ಡು ‘ಚಕ್’ ಎಂದು ಹುಟ್ಟಿ ಅಲ್ಲೇ ನಿಲ್ಲುತ್ತದೆ. ಮುಂದಿನ ಹೊಡೆತದವರೆಗೆ ಉಳಿಯುವ ಖಾಲಿ ಜಾಗದಲ್ಲಿ ಸಾಹಿತ್ಯ ಕೇಳಿಸುತ್ತದೆ.

ರಾಜನ್-ನಾಗೇಂದ್ರರ ಹಾಡುಗಳು, ಹಂಸಲೇಖರ 1987ರ ‘ಪ್ರೇಮಲೋಕ’, ಭಕ್ತಿಗೀತೆ, ಕೊನೆಗೊಂದು ಡಿಸ್ಕೊ, ಎಲ್ಲ ಒಂದೇ ರಾತ್ರಿಯಲ್ಲಿ. ನಡುವೆ ಗಾಯಕರು ತಿರುಗಿ ‘ಶ್ರುತಿ ಸ್ವಲ್ಪ ಇಳಿಸಿ, ಗಂಟಲು ಕಟ್ಟಿದೆ’ ಎಂದರೆ ಇಡೀ ಹಾಡನ್ನು ಒಂದು ಫ್ರೆಟ್ ಕೆಳಕ್ಕೆ ಜಾರಿಸಬೇಕು. ಹಾಗೆ ಜಾರಿಸಲು ಆಗುವುದು ಬಿಡಿ ತಂತಿ ಬಳಸದ ಬಾರ್ ಕಾರ್ಡು ಗೊತ್ತಿದ್ದವರಿಗೆ ಮಾತ್ರ. ಬಾರ್ ಕಾರ್ಡು ಕಷ್ಟ ಸಾರ್ ಎಂದು ಮುಖ ಸಣ್ಣ ಮಾಡುವ ವಿದ್ಯಾರ್ಥಿಗಳಿಗೆ ಒಂದು ಗಣೇಶನ ಸೀಸನ್ ಔಷಧಿ ಎಂದು ಈಗಲೂ ಹೇಳುತ್ತೇನೆ. ಯಾರೂ ಹೋಗುವುದಿಲ್ಲ, ಆ ಮಾತು ಬೇರೆ.

ಪೆಂಡಾಲಿನಲ್ಲಿ ಕಲಿತ ಇನ್ನೊಂದು ವಿದ್ಯೆ ಕರೆಂಟಿನದು. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಒಳಗಿಂದ ಆ್ಯಂಪಿನ ಅರ್ಥಿಂಗಿಗೆ ಸೇರಿಕೊಂಡಿರುತ್ತವೆ. ಆ್ಯಂಪಿಗೆ ಎದುರುಮನೆಯ ಲೈನು, ಮೈಕ್‌ಸೆಟ್ಟಿಗೆ ಜನರೇಟರು, ಇವೆರಡರಲ್ಲಿ ಒಂದರ ಅರ್ಥಿಂಗು ಕೆಟ್ಟಿದೆ ಎಂದುಕೊಳ್ಳಿ. ತಂತಿ ಹಿಡಿದುಕೊಂಡೇ ಮೈಕಿಗೆ ತುಟಿ ತಾಗಿಸಿದವನ ಮೈಯಲ್ಲೇ ಕರೆಂಟು ದಾಟುತ್ತದೆ. ಅದು ಮಳೆಗಾಲ, ನೆಲ ಒದ್ದೆ, ಲೈನಿನಲ್ಲಿ 230 ವೋಲ್ಟು. ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವೆ 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆ ಮೈಕು ಮುಟ್ಟಿಯೇ ಸತ್ತದ್ದು. ಆರ್ಕೆಸ್ಟ್ರಾ ಕಾಲದಿಂದ ನನ್ನ ಗಿಟಾರ್ ಚೀಲದಲ್ಲಿ ಒಂದು ಮಲ್ಟಿಮೀಟರ್ ಇರುತ್ತದೆ. ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ. ಮುಳ್ಳು ಎದ್ದರೆ ಲೈಟಿಂಗಿನವರು ಬಂದು ಸರಿಮಾಡುವ ತನಕ ಯಾರೂ ಏನೂ ಮುಟ್ಟುವಂತಿಲ್ಲ. ಜತೆಗೆ ಎಲ್ಲ ಮೈಕಿಗೂ ಸ್ಪಂಜಿನ ಟೋಪಿ, ತುಟಿಗೆ ಲೋಹ ತಾಗದ ಹಾಗೆ. ಮುಂದೆ ನಿಂತು ಹಾಡುವವರಿಗೆ ಈ ಯೋಚನೆ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಹಿಂದೆ ನಿಂತವನು ನೋಡಿಕೊಳ್ಳಬೇಕಾದ ಕೆಲಸ ಇದು.

ಪಬ್ಬುಗಳಲ್ಲಿ ನುಡಿಸಿ ಬಾಡಿಗೆ ಕಟ್ಟಬಹುದಾದ ಕಾಲವೂ ಬಂದಿತ್ತು. ಬಂದಷ್ಟೇ ಬೇಗ ಹೋಯಿತು. ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಲೈಸೆನ್ಸು ಕಡ್ಡಾಯ ಮಾಡಿದ ಆದೇಶ ಬೆಂಗಳೂರಿನಲ್ಲಿ ಬಂದದ್ದು 2005ರಲ್ಲಿ. ಅದರ ಕಣ್ಣಿದ್ದದ್ದು ಡ್ಯಾನ್ಸ್ ಬಾರುಗಳ ಮೇಲೆ, ಏಟು ತಿಂದವರಲ್ಲಿ ಮೂಲೆಯಲ್ಲಿ ಕೂತು ಬ್ಲೂಸ್ ನುಡಿಸುತ್ತಿದ್ದ ನಾವೂ ಇದ್ದೆವು. 2018ರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ಎತ್ತಿಹಿಡಿದ ಮೇಲೆ ಮತ್ತೊಂದು ಸುತ್ತು ಬಿಗಿಯಾಯಿತು. ಶನಿವಾರದ ಬುಕಿಂಗು ಶುಕ್ರವಾರ ರದ್ದು. ಬರೀ ಸೋಲೊ ಗೊತ್ತಿದ್ದ ಒಳ್ಳೊಳ್ಳೆಯ ಹುಡುಗರು ಆಗ ಗಿಟಾರು ಮಾರಿ ಕಾಲ್ ಸೆಂಟರಿಗೆ, ಬ್ಯಾಂಕಿಗೆ ಸೇರಿದರು. ಕ್ಲಾಸು, ಆರ್ಕೆಸ್ಟ್ರಾ, ಸ್ಟುಡಿಯೊ ಎಂದು ನಾಲ್ಕು ಕಡೆ ಕಾಲಿಟ್ಟವರು ಉಳಿದರು. ಇದರಲ್ಲಿ ಪ್ರತಿಭೆಯ ಮಾತು ಹೆಚ್ಚೇನೂ ಇಲ್ಲ. ನನಗಿಂತ ಚೆನ್ನಾಗಿ ನುಡಿಸುತ್ತಿದ್ದವರೇ ಬಿಟ್ಟುಹೋದವರಲ್ಲಿ ಜಾಸ್ತಿ.

ನಡುವೆ 2007ರ ಮಾರ್ಚ್ 17ಕ್ಕೆ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂತು. ದೇಶದ ಮೂಲೆಮೂಲೆಯಿಂದ ಕಪ್ಪು ಟೀಶರ್ಟಿನ ಹುಡುಗರು ಮೇಖ್ರಿ ಸರ್ಕಲ್ ತುಂಬಿದ್ದರು. ಡೇವ್ ಮರ್ರೆ, ಏಡ್ರಿಯನ್ ಸ್ಮಿತ್, ಯಾನಿಕ್ ಗೆರ್ಸ್, ಒಂದೇ ಬ್ಯಾಂಡಿನಲ್ಲಿ ಮೂರು ಗಿಟಾರು. ಮೂವರೂ ಒಟ್ಟಿಗೆ ಬಡಿದರೆ ಬರೀ ಗದ್ದಲವಾಗಬೇಕು. ಆದರೆ ಇಬ್ಬರು ಒಂದೇ ರಾಗವನ್ನು ಮೂರನೇ ಸ್ವರದ ಅಂತರದಲ್ಲಿ ಜೋಡಿಯಾಗಿ ನುಡಿಸುವಾಗ ಮೂರನೆಯವರು ಕೆಳಗೆ ಕಾರ್ಡು ಹಿಡಿದಿರುತ್ತಿದ್ದರು. ಒಬ್ಬರು ಸೋಲೊಗೆ ಎದ್ದರೆ ಉಳಿದಿಬ್ಬರು ಕೂಡಲೇ ತಗ್ಗುತ್ತಿದ್ದರು. ಪಕ್ಕದಲ್ಲಿ ನಿಂತವರು ತಲೆ ಕುಣಿಸುತ್ತಿದ್ದರು, ನಾನು ಸೋಲೊ ನುಡಿಸದವರ ಕೈ ನೋಡುತ್ತಿದ್ದೆ. ಮರುದಿನದಿಂದ ಕ್ಲಾಸಿಗೆ ಸೇರಲು ಬಂದ ಹುಡುಗರಿಗೆಲ್ಲ ಬೇಕಾಗಿದ್ದದ್ದು ಸೋಲೊ. ಅವರ ಫೀಸಿನಲ್ಲೇ ಒಂದು ಒಳ್ಳೆಯ ವಾಲ್ವ್ ಆ್ಯಂಪು ಕೊಂಡೆ ಎಂಬುದನ್ನೂ ಹೇಳಬೇಕು.

ಆ ಆ್ಯಂಪಿನ ಬೆಲೆ ಕಿವಿ ಕೊಟ್ಟಿತು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದು ಎಂಬುದು ಕಿವಿಯ ಸುರಕ್ಷತೆಯ ಲೆಕ್ಕ. ಮೂರು ಡೆಸಿಬೆಲ್ ಏರಿದ ಹಾಗೆಲ್ಲ ಅವಧಿ ಅರ್ಧವಾಗುತ್ತ ಹೋಗಿ, 100ಕ್ಕೆ ಮುಟ್ಟುವಾಗ ಉಳಿಯುವುದು 15 ನಿಮಿಷ. ಡ್ರಮ್ಮಿನ ಸಿಂಬಲ್ಲು ನನ್ನ ಎಡಕ್ಕೆ ಇರುತ್ತಿತ್ತು. ಈಗ ಎಡಗಿವಿಯ ಪರೀಕ್ಷೆಯ ಗೆರೆ 4,000 ಹರ್ಟ್ಸ್ ಹತ್ತಿರ ಗುಂಡಿಗೆ ಬಿದ್ದಂತೆ ಇಳಿಯುತ್ತದೆ. ಸದ್ದಿನಿಂದ ಕೆಟ್ಟ ಕಿವಿಯ ಗುರುತೇ ಅದು. ಮಾತು ಕೇಳಿಸುತ್ತದೆ, ಅದರೊಳಗಿನ ಸ, ಶ, ಕ ಜಾರಿಹೋಗುತ್ತವೆ. ಹೆಂಡತಿ ಅಡುಗೆಮನೆಯಿಂದ ಕೇಳಿದ್ದು ಸಾರೋ ಕಾರೋ ತಿಳಿಯದೆ ಎದ್ದು ಹೋಗುತ್ತೇನೆ. ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್ಗುಗಳಿವೆ, ಸದ್ದನ್ನು ಮಂಕು ಮಾಡದೆ ಎಲ್ಲ ಸ್ವರಗಳನ್ನೂ ಸಮನಾಗಿ ತಗ್ಗಿಸುತ್ತವೆ. ನನ್ನ ಕ್ಲಾಸಿಗೆ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬರುವವರು ಅದನ್ನು ಹಾಕಿಕೊಂಡೇ ಕೂರಬೇಕು. ಅಪ್ಪ ಅಮ್ಮಂದಿರಿಗೆ ಇದರಲ್ಲಿ ಮಾತ್ರ ನನ್ನ ಮೇಲೆ ಪೂರ್ತಿ ಒಪ್ಪಿಗೆ.

ರಾಕ್ ಕನ್ನಡಕ್ಕೆ ಬಂದದ್ದು ನನ್ನಂಥವರ ಪುಣ್ಯ. ಶರೀಫರ ತತ್ವಪದಗಳನ್ನು ಸಿ. ಅಶ್ವತ್ಥ್ ಮನೆಮನೆಗೆ ಮುಟ್ಟಿಸಿದ್ದರು. ಅವೇ ಪದಗಳನ್ನು ರಘು ದೀಕ್ಷಿತ್ ಡ್ರಮ್ಮು, ಬೇಸು, ಗಿಟಾರಿನ ಜತೆ ಹಾಡಿದಾಗ, ಸ್ವರಾತ್ಮದಂಥ ಬ್ಯಾಂಡುಗಳು ಕನ್ನಡದಲ್ಲಿ ಬರೆಯತೊಡಗಿದಾಗ, ದಂಡಿನ ಕಡೆಯ ಬ್ಯಾಂಡುಗಳಿಗೂ ಪೇಟೆ ಕಡೆಯ ಕೈ ಬೇಕಾಯಿತು. ಇಂಗ್ಲಿಷ್ ಹಾಡಿಗೆ ಕಟ್ಟಿದ ರಿಫ್ಫನ್ನು ತತ್ವಪದದ ಕೆಳಗೆ ಹಾಗೇ ತಂದಿಟ್ಟರೆ ಮಾತು ಉಸಿರುಗಟ್ಟುತ್ತದೆ. ನಾನು ಮಾಡುತ್ತಿದ್ದದ್ದು ಅಣ್ಣನ ಆರ್ಕೆಸ್ಟ್ರಾದಲ್ಲಿ ಮಾಡುತ್ತಿದ್ದ ಅದೇ ಕೆಲಸ, ಡಿಸ್ಟಾರ್ಷನ್ ಪೆಡಲ್ ಒತ್ತಿಕೊಂಡು. ಸಾಲು ಮುಗಿಯುವವರೆಗೆ ಅಂಗೈ ಬದಿಯಿಂದ ತಂತಿಯನ್ನು ಅದುಮಿಟ್ಟು ಸಣ್ಣಗೆ ನುಡಿಸುವುದು, ಸಾಲು ಮುಗಿದ ಮೇಲೆ ಕೈ ಎತ್ತಿ ಆರ್ಭಟ.

ಈಗ ಹೆಚ್ಚಿನ ಕೆಲಸ ಮನೆಯ ಸಣ್ಣ ಕೋಣೆಯಲ್ಲೇ. ಸಿನಿಮಾದವರು ಟ್ರ್ಯಾಕ್ ಕಳಿಸುತ್ತಾರೆ, ನಾನು ಗಿಟಾರ್ ನುಡಿಸಿ ವಾಪಸ್ ಕಳಿಸುತ್ತೇನೆ. ರಿದಮ್ಮನ್ನು ಎರಡು ಸಲ ಬೇರೆ ಬೇರೆಯಾಗಿ ನುಡಿಸಿ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಇಡಬೇಕು. ಕಾಪಿ ಮಾಡಿ ಅಂಟಿಸಿದರೆ ಆ ಅಗಲ ಬರುವುದಿಲ್ಲ, ಎರಡು ಕೈಯ ಸಣ್ಣಪುಟ್ಟ ವ್ಯತ್ಯಾಸದಿಂದಲೇ ಅದು ಹುಟ್ಟುವುದು. ಹೋದ ತಿಂಗಳು ಸಂಗೀತ ನಿರ್ದೇಶಕರ ಸಹಾಯಕ ಫೋನ್ ಮಾಡಿ, ‘ಅಣ್ಣ, ಹೀರೋ ಎಂಟ್ರಿಗೆ ಎಂಟು ಬಾರ್ ಸೋಲೊ, ಬೆಂಕಿ ಥರ ಇರ್ಬೇಕು’ ಎಂದ. ಎರಡು ರಾತ್ರಿ ಕೂತು ನುಡಿಸಿದೆ. ಮಿಕ್ಸ್ ಆಗಿ ಬಂದದ್ದನ್ನು ಕೇಳಿದರೆ ಸೋಲೊ ಪೂರ್ತಿ ಹೀರೋನ ಡೈಲಾಗಿನ ಅಡಿಯಲ್ಲಿ ಹೋಗಿದೆ, ಪಲ್ಲವಿಯ ಕೆಳಗಿನ ರಿದಮ್ ಮಾತ್ರ ಒಂದು ಹೊಡೆತವೂ ಕಡಿಮೆಯಾಗದೆ ಉಳಿದಿದೆ. ಬಿಲ್ಲು ಕಳಿಸಿದ್ದೇನೆ, ಎರಡಕ್ಕೂ ಸೇರಿಸಿ.