ಎರಡು ವರ್ಷದ ದುಡ್ಡು ಕಟ್ಟಿದೆ, ಬ್ಯಾಂಕ್ ಆ್ಯಪ್ಪೇ ತೆರೆಯುತ್ತಿಲ್ಲ

ಪ್ರಶ್ನೆ: ನಾನು 34 ವರ್ಷದ ಗೃಹಿಣಿ. ಮನೆಯಲ್ಲೇ ಕುಳಿತು ನಾಲ್ಕಾರು ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆದುಕೊಡುತ್ತೇನೆ. ವಿಪಿಎನ್ ಇಲ್ಲದಿದ್ದರೆ ಖಾತೆಯಲ್ಲಿರುವ ಹಣ ಕಳ್ಳರ ಪಾಲಾಗುತ್ತದೆ ಎಂಬ ಜಾಹೀರಾತು ನೋಡಿ ಹೆದರಿ, ಭಾರಿ ರಿಯಾಯಿತಿ ಎಂದು ಎರಡು ವರ್ಷದ ಹಣವನ್ನು ಒಟ್ಟಿಗೇ ಕಟ್ಟಿದೆ. ಈಗ ನೆಟ್ ನಿಧಾನ, ಬ್ಯಾಂಕ್ ಆ್ಯಪ್ ತೆರೆಯುವುದೇ ಇಲ್ಲ. ಹಣ ವಾಪಸ್ ಕೇಳಿದರೆ 30 ದಿನದ ಗಡುವು ಮುಗಿದಿದೆ ಎನ್ನುತ್ತಾರೆ. ಯಜಮಾನರಿಗೆ ಹೇಳಲು ಭಯ. ಬೇರೆ ಯಾವುದನ್ನು ಕೊಳ್ಳಲಿ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ತಂಗಿ, ಮೊದಲು ಯಜಮಾನರಿಗೆ ಹೇಳಿಬಿಡಿ. ಹೆದರಿಸಿ ಮಾರುವವರ ಮಾತಿಗೆ ದೊಡ್ಡ ದೊಡ್ಡ ಓದು ಓದಿದವರೂ ಮರುಳಾಗುತ್ತಾರೆ. ಮುಚ್ಚಿಟ್ಟಷ್ಟೂ ಮನಸ್ಸು ಕುಗ್ಗುತ್ತದೆ.

ಇನ್ನು ಇವತ್ತೇ ಮಾಡಬೇಕಾದ ಕೆಲಸ. ಇಂಥ ಯೋಜನೆಗಳು ಅವಧಿ ಮುಗಿದಾಗ ತಾವಾಗಿಯೇ ಮುಂದುವರಿಯುತ್ತವೆ. ಆಗಿನ ದರ ಸಾಮಾನ್ಯವಾಗಿ ಮೊದಲ ಸಲದ ರಿಯಾಯಿತಿ ದರಕ್ಕಿಂತ ಬಹಳ ಹೆಚ್ಚು. ಕಂಪನಿಯ ಖಾತೆಯಲ್ಲಿ ‘ಆಟೋ ರಿನ್ಯೂವಲ್’ ನಿಲ್ಲಿಸಿ. ಯುಪಿಐಯಲ್ಲಿ ಕಟ್ಟಿದ್ದರೆ ಅದೇ ಆ್ಯಪ್‌ನ ‘ಆಟೋಪೇ’ಯಲ್ಲಿ, ಕಾರ್ಡಿನಲ್ಲಾದರೆ ಬ್ಯಾಂಕಿನಲ್ಲಿ ಅನುಮತಿ ರದ್ದು ಮಾಡಿಸಿ. ರದ್ದು ಮಾಡಲು ಬಿಡದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಇಂಥ ಚಂದಾ ಬಲೆಯನ್ನು ಕೇಂದ್ರದ 2023ರ ಮಾರ್ಗಸೂಚಿ ನಿಷೇಧಿಸಿದೆ.

ನೆಟ್ ಏಕೆ ನಿಧಾನ? ವಿಪಿಎನ್ ನಿಮ್ಮ ಮಾಹಿತಿಯನ್ನು ಗೂಢಲಿಪಿಗೆ ಇಳಿಸಿ, ತನ್ನ ಸರ್ವರ್ ಮೂಲಕ ದಾಟಿಸುತ್ತದೆ. ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸಗಳನ್ನು 5 ವರ್ಷ ಕಾಪಿಡಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿದ ಮೇಲೆ ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್, ಸರ್ಫ್‌ಶಾರ್ಕ್‌ನಂಥ ಕಂಪನಿಗಳು ಭಾರತದಲ್ಲಿದ್ದ ಸರ್ವರ್‌ಗಳನ್ನು ತೆಗೆದವು. ಶಿವಮೊಗ್ಗದ ಮಾತು ಸಿಂಗಪುರಕ್ಕೋ ಯುರೋಪಿಗೋ ಹೋಗಿ ಬರಬೇಕೆಂದರೆ ತಡವಾಗದೆ ಇರುತ್ತದೆಯೇ? ಎಷ್ಟೋ ಬ್ಯಾಂಕ್ ಆ್ಯಪ್‌ಗಳು ವಿಪಿಎನ್ ಕಂಡರೆ, ಇಲ್ಲವೇ ವಿದೇಶದ ವಿಳಾಸ ಕಂಡರೆ ಬಾಗಿಲು ಹಾಕಿಕೊಳ್ಳುತ್ತವೆ.

ನಿಜ ಹೇಳಬೇಕೆಂದರೆ, ಬ್ಯಾಂಕ್ ಆ್ಯಪ್ ವಿಪಿಎನ್ ಇಲ್ಲದೆಯೂ ಗೂಢಲಿಪಿಯಲ್ಲೇ ವ್ಯವಹರಿಸುತ್ತದೆ. ನಾವಾಗಿ ಹೇಳುವ ಒಟಿಪಿಯನ್ನು, ಗೊತ್ತಿಲ್ಲದೆ ಒತ್ತುವ ಲಿಂಕನ್ನು ಯಾವ ವಿಪಿಎನ್ನೂ ತಡೆಯಲಾರದು. ಹಣ ಹೋದರೆ ತಕ್ಷಣ ಕರೆ ಮಾಡಬೇಕಾದ ಸಂಖ್ಯೆ 1930.

ವಿಪಿಎನ್ ಹಾಕಿಕೊಂಡಾಗ ಇಂಟರ್‌ನೆಟ್ ಕೊಡುವವರ ಮೇಲಿನ ನಂಬಿಕೆಯನ್ನು ವಿಪಿಎನ್ ಕಂಪನಿಯ ಕೈಗೆ ಒಪ್ಪಿಸುತ್ತೀರಿ. ಬೇಲಿಯೇ ಎದ್ದು ಹೊಲ ಮೇಯ್ದದ್ದೂ ಉಂಟು. ಏನನ್ನೂ ದಾಖಲಿಸುವುದಿಲ್ಲ ಎನ್ನುತ್ತಿದ್ದ, ಹಾಂಗ್‌ಕಾಂಗ್ ಮೂಲದ ಕೆಲವು ವಿಪಿಎನ್‌ಗಳ ಬಳಕೆದಾರರ ದಾಖಲೆಗಳು 2020ರಲ್ಲಿ ಬಯಲಿಗೆ ಬಿದ್ದವು. ಸ್ವೀಡನ್ನಿನ ವಿಪಿಎನ್ ಕಂಪನಿ ಮುಲ್‌ವಾಡ್ ಕಚೇರಿಗೆ 2023ರ ಏಪ್ರಿಲ್‌ನಲ್ಲಿ ಪೊಲೀಸರು ಶೋಧನೆಗೆ ಬಂದಾಗ ಕೊಡಲು ಗ್ರಾಹಕರ ದಾಖಲೆಯೇ ಇರಲಿಲ್ಲ. ಅವರು ಬರಿಗೈಯಲ್ಲಿ ಮರಳಿದರು. ಕಂಪನಿಗಳನ್ನು ಅಳೆಯಬೇಕಾದದ್ದು ಹೀಗೆ.

ಮುಂದೆ ಎಂದಾದರೂ ಕೊಳ್ಳುವುದಾದರೆ ಮಾಲೀಕರು ಯಾರು, ಹೊರಗಿನ ತಜ್ಞರಿಂದ ತಪಾಸಣೆಯಾಗಿ ವರದಿ ಪ್ರಕಟವಾಗಿದೆಯೇ ನೋಡಿ. ವೈರ್‌ಗಾರ್ಡ್ ಎಂಬ ಸಂಪರ್ಕ ವಿಧಾನ ಇರಲಿ, ಅದು ವೇಗದ್ದು. ಸಂಪರ್ಕ ತಪ್ಪಿದರೆ ನೆಟ್ಟನ್ನೇ ನಿಲ್ಲಿಸುವ ‘ಕಿಲ್ ಸ್ವಿಚ್’ ಇರಲಿ. ಪ್ರೋಟಾನ್‌ನಂಥ ಕಂಪನಿಯ ಉಚಿತ ಆವೃತ್ತಿಯನ್ನು ಮೊದಲು ಬಳಸಿ ನೋಡಬಹುದು. ದುಡ್ಡು ಕೊಡುವುದಾದರೆ ಒಂದು ತಿಂಗಳಿಗಷ್ಟೇ ಕೊಡಿ. ನಿಮ್ಮ ಮೊಬೈಲು, ನಿಮ್ಮ ಊರು, ನಿಮ್ಮ ಬ್ಯಾಂಕ್ ಆ್ಯಪ್ ಮೂರರ ಜೊತೆಗೂ ಹೊಂದಿತೇ ಎಂದು ಆ ತಿಂಗಳಲ್ಲೇ ತಿಳಿಯುತ್ತದೆ.

ಈಗಿರುವ ವಿಪಿಎನ್‌ನಲ್ಲಿ ಆಯ್ದ ಆ್ಯಪ್‌ಗಳನ್ನು ಬಿಟ್ಟು ಉಳಿದವಕ್ಕಷ್ಟೇ ವಿಪಿಎನ್ ಬಳಸುವ ‘ಸ್ಪ್ಲಿಟ್ ಟನೆಲಿಂಗ್’ ಸೌಲಭ್ಯವಿದ್ದರೆ ಬ್ಯಾಂಕ್ ಆ್ಯಪ್ಪನ್ನು ಹೊರಗಿಡಿ. ಹತ್ತಿರದ ಸರ್ವರ್ ಆರಿಸಿಕೊಳ್ಳಿ. ಆ ಸೌಲಭ್ಯ ಇಲ್ಲವಾದರೆ ಬ್ಯಾಂಕಿನ ಕೆಲಸದ ಹೊತ್ತಿಗೆ ವಿಪಿಎನ್ ಆಫ್ ಮಾಡಿಬಿಡಿ.

ಮನೆಯ ಸ್ವಂತ ನೆಟ್‌ನಲ್ಲಿ ಲೆಕ್ಕ ಬರೆಯುವ ನಿಮಗೆ ಹೊಸ ವಿಪಿಎನ್ ಸದ್ಯ ಬೇಡ. ಆ ದುಡ್ಡು ನಿಮ್ಮ ಕೈಯಲ್ಲೇ ಇರಲಿ.